ಮೋರಿಗೂ ಗೋಪುರ ಬೇಕೆ?



ದೇವರ ಗುಡಿ ಚೆನ್ನಾಗಿರಬೇಕು, ಅರಸನ ಅರಮನೆ ಚೆನ್ನಾಗಿರಬೇಕು, ಮಕ್ಕಳು ಓದುವ ಶಾಲೆ ಚೆನ್ನಾಗಿರಬೇಕು. ಇದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ಊರಿನ ಕೊಳಚೆಯನ್ನು ಮೇಲೆತ್ತುವ ಪಂಪುಮನೆಯೂ ಚೆನ್ನಾಗಿರಬೇಕೆ? ಪ್ರವಾಹ ತಡೆಯುವ ಗೋಡೆಗೆ, ಮಳೆನೀರನ್ನು ನದಿಗೆ ತಳ್ಳುವ ಯಂತ್ರಗಳ ಕೊಠಡಿಗೆ ಕಂಬ, ಕಮಾನು, ಬಣ್ಣ, ಕುಸುರಿ ಕೆಲಸ ಬೇಕೆ? ಜನರ ತೆರಿಗೆ ಹಣವನ್ನು ಹೀಗೆ ಖರ್ಚು ಮಾಡುವುದು ಧರ್ಮವೋ, ದುಂದುಗಾರಿಕೆಯೋ?

ದೇವಸ್ಥಾನದ ಪತ್ರಿಕೆಯಲ್ಲಿ ಮೋರಿಯ ಮಾತೇಕೆ ಎಂದು ಕೆಲವರು ಮೂಗು ಮುರಿಯಬಹುದು. ಆದರೆ ಈ ಪ್ರಶ್ನೆ ಬರೀ ಇಂಜಿನಿಯರುಗಳದ್ದಲ್ಲ. ಯಾವುದನ್ನು ಗೌರವಿಸಬೇಕು, ಯಾವುದನ್ನು ಮರೆಮಾಚಬೇಕು, ಯಾರ ದುಡಿಮೆಗೆ ಹಾರ ಹಾಕಬೇಕು, ಯಾರ ದುಡಿಮೆಯನ್ನು ಕಂಡೂ ಕಾಣದಂತಿರಬೇಕು ಎಂಬುದೆಲ್ಲ ಇದರೊಳಗೆ ಅಡಗಿದೆ. ಲಂಡನ್ ಮತ್ತು ಅದರ ಸುತ್ತಮುತ್ತ ನೆಲೆಸಿರುವ ನಮಗೆ ಉದಾಹರಣೆಗಾಗಿ ದೂರ ಹೋಗಬೇಕಾಗಿಯೂ ಇಲ್ಲ.

1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ಎಷ್ಟು ನಾರುತ್ತಿತ್ತೆಂದರೆ, ಪಾರ್ಲಿಮೆಂಟಿನ ಕಿಟಕಿ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ತೂಗುಹಾಕಬೇಕಾಯಿತು. ಚರಿತ್ರೆಯಲ್ಲಿ ಅದಕ್ಕೆ ‘ಮಹಾ ದುರ್ನಾತ’ವೆಂದೇ ಹೆಸರು. ಅಷ್ಟರಲ್ಲಾಗಲೇ ಕಾಲರಾ ಮಾರಿ ಮೂರು ಬಾರಿ ಲಂಡನ್ನಿಗೆ ಬಂದು ಹೋಗಿತ್ತು. 1848-49ರ ಒಂದೇ ಸುತ್ತಿನಲ್ಲಿ ಸುಮಾರು 14,000 ಜನ ಸತ್ತಿದ್ದರು. 1854ರಲ್ಲಿ ವೈದ್ಯ ಜಾನ್ ಸ್ನೋ ಸೋಹೋ ಬಡಾವಣೆಯ ಒಂದು ಬೀದಿ ಪಂಪಿನ ನೀರೇ ರೋಗಕ್ಕೆ ಕಾರಣವೆಂದು ತೋರಿಸಿಕೊಟ್ಟಿದ್ದರೂ ಕೆಟ್ಟ ಗಾಳಿಯೇ ರೋಗದ ಮೂಲವೆಂಬ ನಂಬಿಕೆ ಹೋಗಿರಲಿಲ್ಲ. ಬಡವರ ಕೇರಿಗಳಲ್ಲಿ ಸಾವು ಕುಣಿಯುತ್ತಿದ್ದಾಗ ಹುಟ್ಟದ ಹಣ, ನಾತ ಶಾಸಕರ ಮೂಗಿಗೆ ಬಡಿದ ಮೇಲೆ ಕೆಲವೇ ವಾರಗಳಲ್ಲಿ ಹುಟ್ಟಿತು. ಮನುಷ್ಯ ಸ್ವಭಾವವೇ ಹೀಗೆ. ಕಣ್ಣಿಗೆ, ಮೂಗಿಗೆ ತಾಗದ ಕಷ್ಟ ನಮ್ಮದಲ್ಲ.

ಆ ಹಣದಿಂದ ಜೋಸೆಫ್ ಬಝಲ್ಗೆಟ್ ಎಂಬ ಇಂಜಿನಿಯರ್ ನಗರದ ಕೊಳಚೆಯನ್ನು ನದಿಗೆ ಸೇರುವ ಮುನ್ನವೇ ಹಿಡಿದು ಪೂರ್ವಕ್ಕೆ ಸಾಗಿಸುವ 82 ಮೈಲಿ ಉದ್ದದ ದೊಡ್ಡ ಒಳಚರಂಡಿಗಳನ್ನು ಇಟ್ಟಿಗೆಯಲ್ಲಿ ಕಟ್ಟಿಸಿದ. ನೀರು ತಾನಾಗಿ ಇಳಿಜಾರಿಗೆ ಹರಿಯುತ್ತದೆ. ಆದರೆ ಲಂಡನ್ನಿನ ತಗ್ಗು ಪ್ರದೇಶದಿಂದ ಹರಿದು ಬಂದದ್ದನ್ನು ಎಲ್ಲೋ ಒಂದು ಕಡೆ ಮೇಲೆತ್ತಲೇಬೇಕು. ಅದಕ್ಕಾಗಿ ಕಟ್ಟಿದವೇ ನದಿಯ ದಕ್ಷಿಣಕ್ಕೆ ಕ್ರಾಸ್‌ನೆಸ್, ಉತ್ತರಕ್ಕೆ ಆಬಿ ಮಿಲ್ಸ್ ಪಂಪುಮನೆಗಳು. ಕ್ರಾಸ್‌ನೆಸ್ ಅನ್ನು 1865ರ ಏಪ್ರಿಲ್ 4ರಂದು ಯುವರಾಜ ಎಡ್ವರ್ಡ್ ಉದ್ಘಾಟಿಸಿದ. ಒಳಗಿನ ನಾಲ್ಕು ಭಾರಿ ಉಗಿಯಂತ್ರಗಳಿಗೆ ರಾಜಮನೆತನದವರ ಹೆಸರುಗಳನ್ನೇ ಇಟ್ಟರು: ವಿಕ್ಟೋರಿಯಾ, ಪ್ರಿನ್ಸ್ ಕಾನ್ಸರ್ಟ್, ಆಲ್ಬರ್ಟ್ ಎಡ್ವರ್ಡ್, ಅಲೆಕ್ಸಾಂಡ್ರಾ. ರಾಣಿಯ ಹೆಸರನ್ನು ಕೊಳಚೆ ಎತ್ತುವ ಯಂತ್ರಕ್ಕೆ ಇಡಲು ಯಾರೂ ಹಿಂಜರಿಯಲಿಲ್ಲ, ನೋಡಿ. ನಡುವಿನ ಎಂಟು ಮೂಲೆಯ ಅಂಕಣದಲ್ಲಿ ಎರಕದ ಕಬ್ಬಿಣದ ಕಂಬಗಳು, ಎಲೆ ಬಳ್ಳಿಗಳ ಜಾಲರಿ, ಕೆಂಪು ಹಸಿರು ಬಣ್ಣ. 1868ರಲ್ಲಿ ಮುಗಿದ ಆಬಿ ಮಿಲ್ಸ್ ಇನ್ನೂ ಒಂದು ಕೈ ಮೇಲು. ಶಿಲುಬೆಯಾಕಾರದ ತಳವಿನ್ಯಾಸ, ನಡುವೆ ಗುಮ್ಮಟ, ಬೈಜಾಂಟಿಯನ್ ಶೈಲಿಯ ಕಮಾನುಗಳು. ಕಬ್ಬಿಣದ ಕುಸುರಿಯ ಹಿಂದಿದ್ದವನು ಚಾರ್ಲ್ಸ್ ಡ್ರೈವರ್ ಎಂಬ ವಾಸ್ತುಶಿಲ್ಪಿ. ಜನ ಆ ಕಟ್ಟಡವನ್ನು ‘ಕೊಳಚೆಯ ಕೆಥೆಡ್ರಲ್’ ಎಂದು ಕರೆದರು. ಅರ್ಧ ತಮಾಷೆ, ಅರ್ಧ ಮೆಚ್ಚುಗೆ.

ಹಾಗಾದರೆ ಇದು ಬೇಕಿತ್ತೆ? ಬೇಡವೆನ್ನುವವರ ವಾದಗಳನ್ನು ಮೊದಲು ಕೇಳೋಣ.

ಒಂದನೆಯದು ಖರ್ಚು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಗುಮ್ಮಟಕ್ಕೆ ಹಾಕಿದ ಹಣದಲ್ಲಿ ಇನ್ನೊಂದು ಕೇರಿಗೆ ಕೊಳವೆ ಹಾಕಿಸಬಹುದಿತ್ತಲ್ಲ? ಎರಡನೆಯದು ಬಡಾಯಿ. ಆ ಕಾಲದ ಸಾಮ್ರಾಜ್ಯದ ಅಹಂಕಾರವೇ ಗುಮ್ಮಟವಾಗಿ ನಿಂತಿತು ಎನ್ನಬಹುದು. ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟಿನಲ್ಲಿರುವ ಬಝಲ್ಗೆಟ್ ಸ್ಮಾರಕದ ಮೇಲೆ, ನದಿಗೆ ಸಂಕೋಲೆ ತೊಡಿಸಿದವನು ಎಂಬರ್ಥದ ಲ್ಯಾಟಿನ್ ಬರಹವಿದೆ. ನದಿಯನ್ನು ತಾಯಿ ಎಂದು ಕರೆದು ಬೆಳೆದ ನಮಗೆ ಆ ಮಾತು ಸ್ವಲ್ಪ ಚುಚ್ಚುತ್ತದೆ. ಮೂರನೆಯ ವಾದ ನಮ್ಮ ಸಂಪ್ರದಾಯದಿಂದಲೇ ಬರುವಂಥದ್ದು. ಸೇವೆ ಎಂದರೆ ಕಾಣದಂತೆ ಮಾಡುವುದು, ಗುಪ್ತದಾನವೇ ದೊಡ್ಡ ದಾನ, ಫಲದ ಆಸೆಯಿಲ್ಲದ ಕರ್ಮವೇ ಶ್ರೇಷ್ಠ. ಹಾಗಿರುವಾಗ ಸೇವೆ ಮಾಡುವ ಕಟ್ಟಡ ತನ್ನನ್ನು ತಾನೇ ಸಿಂಗರಿಸಿಕೊಂಡು ನಿಲ್ಲುವುದು ಏಕೆ?

ಮೂರನೆಯ ವಾದ ತೂಕದ್ದು. ಅದಕ್ಕೆ ಉತ್ತರ ಹುಡುಕಲು ನಾವು ನಮ್ಮ ಗುಡಿಗಳನ್ನೇ ಒಮ್ಮೆ ನೆನೆಯೋಣ. ಗರ್ಭಗುಡಿಯಲ್ಲಿ ಅಭಿಷೇಕವಾದ ನೀರು ಹೊರಗೆ ಬರುವ ದಾರಿಗೆ ಪ್ರಣಾಲವೆನ್ನುತ್ತಾರೆ, ಗೋಮುಖವೆಂದೂ ಸೋಮಸೂತ್ರವೆಂದೂ ಹೇಳುತ್ತಾರೆ. ಕೆಲಸದ ದೃಷ್ಟಿಯಿಂದ ನೋಡಿದರೆ ಅದು ಒಂದು ಮೋರಿ, ಅಷ್ಟೇ. ಒಂದು ಬಿದಿರಿನ ಕೊಳವೆ ಇಟ್ಟಿದ್ದರೂ ನೀರು ಹೊರಗೆ ಬರುತ್ತಿತ್ತು. ಆದರೆ ಶಿಲ್ಪಿ ಅಲ್ಲಿ ಮಕರದ ಬಾಯಿಯನ್ನೋ ಹಸುವಿನ ಮುಖವನ್ನೋ ಕಡೆದ. ಶಿವಾಲಯದಲ್ಲಿ ಪ್ರದಕ್ಷಿಣೆ ಬರುವವರು ಆ ಸೋಮಸೂತ್ರವನ್ನು ದಾಟದೆ ಹಿಂದಿರುಗುತ್ತಾರೆ. ಹೊರಹೋಗುವ ನೀರಿಗೂ ಒಂದು ಮರ್ಯಾದೆಯಿದೆ. ಕೆರೆಗಳ ವಿಷಯದಲ್ಲೂ ಹೀಗೆಯೇ. ನಮ್ಮ ಹಳೆಯ ಕೆರೆಗಳ ತೂಬುಗಲ್ಲುಗಳ ಮೇಲೆ ಗಜಲಕ್ಷ್ಮಿಯ ಕೆತ್ತನೆ ಕಾಣಸಿಗುತ್ತದೆ. ಲಕ್ಕುಂಡಿಯ ಮುಸುಕಿನ ಬಾವಿಯ ಮೆಟ್ಟಿಲುಗಳ ಇಕ್ಕೆಲದಲ್ಲೂ ಪುಟ್ಟ ಪುಟ್ಟ ಗುಡಿಗಳೇ ಇವೆ. ಹಂಪಿಯ ರಾಜಾವರಣದ ಪುಷ್ಕರಣಿಯಂತೂ ಕಪ್ಪು ಕಲ್ಲಿನಲ್ಲಿ ಗಣಿತವನ್ನೇ ಕೆತ್ತಿದಂತಿದೆ. ಕಲ್ಲಿನ ಮೇಲ್ಗಾಲುವೆಯೊಂದು ಆ ಆವರಣಕ್ಕೆ ನೀರನ್ನು ತರುತ್ತಿತ್ತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಗುಪ್ತದಾನದಲ್ಲಿ ಮರೆಯಾಗಬೇಕಾದವನು ದಾನಿ. ಹಸಿದವನ ಹಸಿವು ಮರೆಯಾಗಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ತೂಬಿನ ಮೇಲೆ ಗಜಲಕ್ಷ್ಮಿಯನ್ನು ಕಡೆದ ಶಿಲ್ಪಿಯ ಹೆಸರು ಸಾಮಾನ್ಯವಾಗಿ ನಮಗೆ ತಿಳಿಯದು. ಆದರೆ ಇದು ಊರಿನ ಪ್ರಾಣ, ಇದನ್ನು ಕಾಪಾಡಿಕೊಳ್ಳಿ ಎಂಬ ಅವನ ಮಾತು ಕಲ್ಲಿನಲ್ಲಿ ಉಳಿದಿದೆ. ಹೀಗೆ ನೋಡಿದರೆ ಅಲಂಕಾರವೆಂದರೆ ಬಡಾಯಿಯೇ ಆಗಬೇಕಿಲ್ಲ, ಅದು ಒಂದು ಎಚ್ಚರಿಕೆಯೂ ಆಗಬಹುದು. ಥೇಮ್ಸ್ ದಂಡೆಯ ಗೋಡೆಗಳಲ್ಲಿ ಬಾಯಲ್ಲಿ ಬಳೆ ಕಚ್ಚಿದ ಕಂಚಿನ ಸಿಂಹಮುಖಗಳಿವೆ. ನೀರು ಆ ಸಿಂಹಗಳ ಬಾಯಿ ಮುಟ್ಟಿದರೆ ಊರಿಗೆ ಗಂಡಾಂತರವೆಂದು ಇಲ್ಲಿಯ ಹಳಬರು ಹೇಳುತ್ತಾರೆ. ಒಡವೆಯಂತಿರುವ ಸಿಂಹವೇ ಅಳತೆಗೋಲೂ ಆಯಿತು.

ಅಡಗಿಸಿಟ್ಟದ್ದನ್ನು ಜನ ಮರೆಯುತ್ತಾರೆ, ಮರೆತದ್ದನ್ನು ಯಾರೂ ದುರಸ್ತಿ ಮಾಡುವುದಿಲ್ಲ. ಬೆಂಗಳೂರಿನ ರಾಜಕಾಲುವೆಗಳ ಕಥೆ ನಮಗೆಲ್ಲ ಗೊತ್ತು. ಒಂದು ಕೆರೆಯ ಕೋಡಿಯಿಂದ ಮುಂದಿನ ಕೆರೆಗೆ ನೀರು ಒಯ್ಯುತ್ತಿದ್ದ ಆ ಕಾಲುವೆಗಳ ಹೆಸರಿನಲ್ಲಿಯೇ ರಾಜನಿದ್ದಾನೆ. ನಮ್ಮ ಕಾಲದಲ್ಲಿ ಅವು ಚರಂಡಿಗಳಾದವು, ಕಸದ ತೊಟ್ಟಿಗಳಾದವು, ಅವುಗಳ ಮೇಲೆಯೇ ಕಟ್ಟಡಗಳೆದ್ದವು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಸುತ್ತಮುತ್ತ ಕೋಟಿ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರುಗಳಲ್ಲಿ ಹೊರತಂದದ್ದನ್ನು ನಾವು ಇಲ್ಲಿ ಕುಳಿತು ಟಿವಿಯಲ್ಲಿ ನೋಡಿದೆವು. ನೀರು ತನ್ನ ಹಳೆಯ ದಾರಿಯನ್ನು ಮರೆತಿರಲಿಲ್ಲ. ಮರೆತವರು ನಾವು.

ಈಗ ಪಂಪುಮನೆಗೆ ಮರಳೋಣ. ಆಬಿ ಮಿಲ್ಸ್‌ಗೆ ಯಂತ್ರ ನೋಡಿಕೊಳ್ಳುವ ಕೆಲಸಗಾರರಾದರೂ ಇದ್ದರು. ಒಳಗೆ ಯಾರೂ ಕುಳಿತು ದುಡಿಯದ ಕಟ್ಟಡಕ್ಕೆ ಅಂದ ಬೇಕೆ? ಪೂರ್ವ ಲಂಡನ್ನಿನ ಐಲ್ ಆಫ್ ಡಾಗ್ಸ್‌ನಲ್ಲಿ 1988ರಲ್ಲಿ ಮುಗಿದ ಮಳೆನೀರಿನ ಪಂಪುಮನೆ ಈ ಪ್ರಶ್ನೆಗೆ ಸವಾಲಿನಂತಿದೆ. ಹಳೆಯ ಹಡಗುಕಟ್ಟೆಗಳ ಜಾಗದಲ್ಲಿ ಹೊಸ ಬಡಾವಣೆ ಏಳುವಾಗ ಮಳೆನೀರನ್ನು ಥೇಮ್ಸ್‌ಗೆ ಎತ್ತಿಹಾಕಲು ಇದನ್ನು ಕಟ್ಟಿದರು. ವಾಸ್ತುಶಿಲ್ಪಿ ಜಾನ್ ಔಟ್ರಮ್ ಇದನ್ನು ಬಣ್ಣಬಣ್ಣದ ಇಟ್ಟಿಗೆಯ ದೇವಾಲಯದಂತೆ ರೂಪಿಸಿದ. ಎರಡು ದಪ್ಪ ಕಂಬಗಳು, ಮೇಲೆ ತ್ರಿಕೋನದ ಮುಂಬದಿ, ಅದರ ನಡುವೆ ವಿಮಾನದ ಇಂಜಿನ್ನಿನಂತೆ ಕಾಣುವ ದೊಡ್ಡ ಫ್ಯಾನು. ಆ ಫ್ಯಾನು ಬರೀ ಶೋಕಿಗಲ್ಲ, ಒಳಗೆ ಮೀಥೇನ್ ಅನಿಲ ಸೇರಿಕೊಂಡು ಸ್ಫೋಟವಾಗದಂತೆ ಗಾಳಿಯಾಡಿಸುವುದು ಅದರ ಕೆಲಸ. ಬೆಟ್ಟಗಳ ನಡುವಿನಿಂದ ನದಿ ಹುಟ್ಟಿ ಬರುವ ಕಲ್ಪನೆಯನ್ನೇ ಔಟ್ರಮ್ ಕಟ್ಟಡವಾಗಿಸಿದನಂತೆ. 2017ರಲ್ಲಿ ಸರ್ಕಾರ ಅದನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿತು. ಬೇಲಿಯಾಚೆ ನಿಂತು ನೋಡುವವರಿಗೆ ಆ ಕಟ್ಟಡ ಹೇಳುವುದಿಷ್ಟೇ: ನಿಮ್ಮ ಮನೆ ಒಣಗಿ ನಿಂತಿರುವುದು ತಾನಾಗಿಯೇ ಅಲ್ಲ, ಇಲ್ಲೊಂದು ಕೆಲಸ ನಡೆಯುತ್ತಿದೆ.

ಥೇಮ್ಸ್ ಬ್ಯಾರಿಯರ್ ಕೂಡ ಅದನ್ನೇ ಬೇರೆ ರೀತಿಯಲ್ಲಿ ಹೇಳುತ್ತದೆ. 1928ರ ಜನವರಿಯಲ್ಲಿ ಥೇಮ್ಸ್ ಉಕ್ಕಿ ನಡು ಲಂಡನ್ನಿನಲ್ಲಿ 14 ಮಂದಿ ಸತ್ತರು. ಅವರಲ್ಲಿ ಹಲವರು ನೆಲಮಾಳಿಗೆಯ ಕೋಣೆಗಳಲ್ಲಿ ಮಲಗಿದ್ದ ಬಡವರು. 1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಏರಿ ಬಂದಾಗ ಇಂಗ್ಲೆಂಡಿನಲ್ಲಿ 307 ಜನ, ನೆದರ್ಲೆಂಡ್ಸ್‌ನಲ್ಲಿ 1,800ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಆ ಪೆಟ್ಟಿನಿಂದ ಹುಟ್ಟಿದ ಯೋಚನೆ 1972ರಲ್ಲಿ ಕಾಯಿದೆಯಾಗಿ, 1974ರಲ್ಲಿ ಕೆಲಸ ಶುರುವಾಗಿ, 1984ರ ಮೇ 8ರಂದು ರಾಣಿ ಎಲಿಜಬೆತ್ ಅದನ್ನು ಉದ್ಘಾಟಿಸಿದರು. ಅಗಲ 520 ಮೀಟರ್, ಹತ್ತು ಬಾಗಿಲು. ಮುಖ್ಯವಾದ ಬಾಗಿಲುಗಳು ಮಾಮೂಲಿ ದಿನಗಳಲ್ಲಿ ನದಿಯ ತಳದಲ್ಲಿ ಮಲಗಿರುತ್ತವೆ, ಹಡಗುಗಳು ಮೇಲೆ ಓಡಾಡುತ್ತವೆ. ಸಮುದ್ರದ ಕಡೆಯಿಂದ ಅಪಾಯದ ಸೂಚನೆ ಬಂದಾಗ ಮೇಲೆದ್ದು ನಿಲ್ಲುತ್ತವೆ. ಈವರೆಗೆ 200ಕ್ಕೂ ಹೆಚ್ಚು ಸಲ ಎದ್ದು ನಿಂತಿವೆ. ಒಳಗಿನ ಯಂತ್ರಗಳಿಗೆ ಮಳೆ ತಾಗದಂತೆ ಬರೀ ತಗಡಿನ ಮಾಡು ಹಾಕಿದ್ದರೂ ನಡೆಯುತ್ತಿತ್ತು. ಆದರೆ ಹಾಯಿಯಂತೆ ಬಾಗಿದ ಉಕ್ಕಿನ ಹೊದಿಕೆಗಳನ್ನು ತೊಡಿಸಿದರು. ಅದರಿಂದಾಗಿಯೇ ಶಾಲೆಯ ಮಕ್ಕಳು ಸಾಲುಗಟ್ಟಿ ಬಂದು ನೋಡುತ್ತಾರೆ. ಅಷ್ಟರಮಟ್ಟಿಗೆ ನಗರ ತನ್ನ ಅಪಾಯವನ್ನು ನೆನಪಿನಲ್ಲಿ ಇಟ್ಟುಕೊಂಡಿದೆ.

ಇಷ್ಟು ಹೇಳಿದ ಮೇಲೆ ನಾಣ್ಯದ ಇನ್ನೊಂದು ಮುಖವನ್ನೂ ತೋರಿಸದಿದ್ದರೆ ನಾವು ಓದುಗರಿಗೆ ಮೋಸ ಮಾಡಿದಂತಾಗುತ್ತದೆ. 1866ರಲ್ಲಿ ಕಾಲರಾ ಕಡೆಯ ಬಾರಿ ಲಂಡನ್ನಿಗೆ ಬಂದಾಗ ಸತ್ತವರಲ್ಲಿ ಬಹುಪಾಲು ಪೂರ್ವ ಲಂಡನ್ನಿನವರು, 5,500ಕ್ಕೂ ಹೆಚ್ಚು ಮಂದಿ. ಕೆಟ್ಟ ಕುಡಿಯುವ ನೀರು ಅವರನ್ನು ಕೊಂದಿತು. ಊರಿನ ಉಳಿದ ಭಾಗಗಳಿಗೆ ಹೊಸ ಒಳಚರಂಡಿ ಬಂದಾಗಿತ್ತು, ಅವರ ಕಡೆಯ ವ್ಯವಸ್ಥೆ ಮಾತ್ರ ಮುಗಿದಿರಲಿಲ್ಲ. ಆಬಿ ಮಿಲ್ಸ್ ಇನ್ನೂ ಏಳುತ್ತಿತ್ತು. ಗುಮ್ಮಟದಿಂದಲೇ ತಡವಾಯಿತೆಂದು ನಾವು ಹೇಳುತ್ತಿಲ್ಲ. ಆದರೆ ಸತ್ತವರಿಗೆ ಗುಮ್ಮಟದಿಂದ ಬಂದ ಲಾಭವೇನು? ಕೆಲಸ ಮೊದಲು, ಅಂದ ಆಮೇಲೆ. ಇದು ಮೊದಲ ಒರೆಗಲ್ಲು.

ಎರಡನೆಯ ಸಂಗತಿ ಇನ್ನೂ ಕಹಿ. ಆ ಸುಂದರ ಪಂಪುಮನೆಗಳು ಎತ್ತಿದ ಕೊಳಚೆ ಹೋದದ್ದೆಲ್ಲಿಗೆ? ಶುದ್ಧಿ ಮಾಡದೆ ಅದನ್ನು ಇಳಿತದ ಹೊತ್ತಿಗೆ ಅದೇ ಥೇಮ್ಸ್‌ಗೆ, ಊರಿನ ಕೆಳಗೆ ಬಿಡುತ್ತಿದ್ದರು. 1878ರ ಸೆಪ್ಟೆಂಬರ್ 3ರಂದು ಪ್ರಿನ್ಸೆಸ್ ಆಲಿಸ್ ಎಂಬ ಪ್ರಯಾಣಿಕರ ದೋಣಿ ಆ ಹೊರಹರಿವಿನ ಜಾಗದ ಹತ್ತಿರವೇ ಇನ್ನೊಂದು ಹಡಗಿಗೆ ಡಿಕ್ಕಿ ಹೊಡೆದು ಮುಳುಗಿತು. ರಜೆ ಕಳೆದು ಮನೆಗೆ ಮರಳುತ್ತಿದ್ದ 600ಕ್ಕೂ ಹೆಚ್ಚು ಜನ ಸತ್ತರು. ಸ್ವಲ್ಪ ಹೊತ್ತಿನ ಮುಂಚೆಯಷ್ಟೇ ಕೊಳಚೆಯನ್ನು ನದಿಗೆ ಬಿಟ್ಟಿದ್ದರು. ಆಮೇಲೆ ಗಟ್ಟಿ ಕಲ್ಮಶವನ್ನು ಬೇರ್ಪಡಿಸಿ ಹಡಗಿನಲ್ಲಿ ಒಯ್ದು ಸಮುದ್ರಕ್ಕೆ ಸುರಿಯತೊಡಗಿದರು. ಆ ಪದ್ಧತಿ ನಿಂತದ್ದು 1998ರಲ್ಲಿ. ನಮ್ಮ ಮನೆ ಗುಡಿಸಿ ಕಸವನ್ನು ಪಕ್ಕದ ಮನೆಯ ಅಂಗಳಕ್ಕೆ ತಳ್ಳಿದರೆ, ಬಾಗಿಲಿಗೆ ಎಷ್ಟು ಚೆಂದದ ರಂಗೋಲಿ ಹಾಕಿ ಏನು ಬಂತು? ಬೆಂಗಳೂರಿನವರಾದ ನಮಗೆ ಬೇರೆಯವರತ್ತ ಬೆರಳು ತೋರಿಸುವ ಹಕ್ಕಿಲ್ಲ. ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದದ್ದೂ, 2015ರಲ್ಲಿ, 2017ರಲ್ಲಿ, 2018ರಲ್ಲಿ ನೀರಿನ ಮೇಲೆಯೇ ಬೆಂಕಿ ಕಾಣಿಸಿಕೊಂಡದ್ದೂ ಊರಿನ ಕೊಳಚೆಯಿಂದಲೇ. ಕೆಳಗಿನವನಿಗೆ ಏನಾಗುತ್ತದೆ ಎಂದು ಕೇಳುವುದು ಎರಡನೆಯ ಒರೆಗಲ್ಲು.

ಮೂರನೆಯದು ಕೈಗಳ ಪ್ರಶ್ನೆ. ‘ಕೆರೆಗೆ ಹಾರ’ ಕಥನಗೀತೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿ ಕಣ್ಣೀರಿಟ್ಟವರೇ. ಕಲ್ಲನಕೇರಿ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲೆಂದು ಕಿರಿ ಸೊಸೆ ಭಾಗೀರಥಿ ಬಲಿಯಾಗುತ್ತಾಳೆ. ಊರೆಲ್ಲ ಕುಡಿಯುವ ನೀರಿಗೆ ಬೆಲೆ ತೆತ್ತವಳು ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ದನಿಯಿದ್ದವಳು. ಇಂದಿಗೂ ಅದು ಮುಗಿದಿಲ್ಲ. ಕೈಯಿಂದ ಮಲ ಬಾಚುವ ಪದ್ಧತಿಯನ್ನು ಭಾರತದಲ್ಲಿ 1993ರಲ್ಲಿ ಒಮ್ಮೆ, 2013ರಲ್ಲಿ ಇನ್ನೊಮ್ಮೆ ಕಾಯಿದೆ ಮಾಡಿ ನಿಷೇಧಿಸಿದರು. ಆದರೂ ಮ್ಯಾನ್‌ಹೋಲಿಗೆ ಇಳಿದವರು ಉಸಿರುಗಟ್ಟಿ ಸತ್ತ ಸುದ್ದಿ ಬರುವುದು ನಿಂತಿಲ್ಲ. ಈ ಅನ್ಯಾಯದ ವಿರುದ್ಧ ಹೋರಾಡಿ 2016ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಹುಟ್ಟಿದವರು. ನಮ್ಮ ಹಳ್ಳಿಗಳಲ್ಲಿ ತೂಬು ತೆಗೆದು ಗದ್ದೆಗದ್ದೆಗೂ ನೀರು ಹಂಚುತ್ತಿದ್ದ ನೀರುಗಂಟಿಯ ಕೈಯಲ್ಲಿ ಇಡೀ ಊರಿನ ಅನ್ನವಿತ್ತು. ಆದರೂ ಎಷ್ಟೋ ಕಡೆ ಅವನಿಗೆ ಊರೊಳಗೆ ಮನೆಯಿರಲಿಲ್ಲ. ತೂಬಿಗೆ ಗಜಲಕ್ಷ್ಮಿ, ತೂಬು ತೆಗೆಯುವವನಿಗೆ ಊರಾಚೆಯ ಕೇರಿ. ಕಲ್ಲಿಗೆ ಕೊಟ್ಟ ಗೌರವ ಮನುಷ್ಯನಿಗೆ ಸಿಗಲಿಲ್ಲ.

ಇಲ್ಲಿಯೇ ಬಸವಣ್ಣನವರ ನೆನಪಾಗುತ್ತದೆ. ಅವರ ಪ್ರತಿಮೆಯನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು ಲಂಡನ್ನಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ. ನಮ್ಮಲ್ಲಿ ಅನೇಕರು ಅಲ್ಲಿ ಹೋಗಿ ಹೂವಿಟ್ಟು ಫೋಟೋ ತೆಗೆಸಿಕೊಂಡಿದ್ದೇವೆ. ಆದರೆ ಕಾಲಡಿಯ ನೆಲ ಯಾವುದೆಂದು ಯೋಚಿಸಿದವರು ಕಡಿಮೆ. ಅದು ಅದೇ ಬಝಲ್ಗೆಟ್ 1866ರಿಂದ 1869ರವರೆಗೆ ಕಟ್ಟಿಸಿದ ದಂಡೆ. ನದಿಯ ಆಚೆ ದಡದ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟಿನ ಒಡಲಲ್ಲಿ ದೊಡ್ಡ ಒಳಚರಂಡಿಯಿದೆ, ಇದರಲ್ಲಿ ಹಾಗಿಲ್ಲ. ಲ್ಯಾಂಬೆತ್‌ನ ತಗ್ಗು ಕೇರಿಗಳಿಗೆ ನೀರು ನುಗ್ಗದಂತೆ ತಡೆಯುವುದು ಇದರ ಮುಖ್ಯ ಕೆಲಸಗಳಲ್ಲೊಂದು. ಮಡಿವಾಳ ಮಾಚಯ್ಯ, ಸಮಗಾರ ಹರಳಯ್ಯ, ಅಂಗಳ ಗುಡಿಸುವ ಸತ್ಯಕ್ಕ ಇವರನ್ನೆಲ್ಲ ಸಮಾನರೆಂದು ಜೊತೆಗೆ ಕೂರಿಸಿಕೊಂಡ ಬಸವಣ್ಣನವರು ಪ್ರವಾಹ ತಡೆಯುವ ಗೋಡೆಯ ಬಳಿ ನಿಂತಿರುವುದು ಆಕಸ್ಮಿಕವಿರಬಹುದು, ಆದರೆ ತಕ್ಕ ಜಾಗವೇ ಸರಿ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದ ಮೇಲೆ ಕಟ್ಟಡಗಳಲ್ಲಿ ಮೇಲು ಕೀಳು ಹೇಗೆ ಬಂದೀತು?

ಈಗ ಸ್ವಲ್ಪ ನಮ್ಮ ಮನೆಯ ಮಾತು. ನಮ್ಮಂಥ ದೇವಸ್ಥಾನ ಸಂಘಗಳಲ್ಲಿ ಬೆಳ್ಳಿ ಕವಚಕ್ಕೆ, ದೀಪಸ್ತಂಭಕ್ಕೆ, ಉತ್ಸವಮೂರ್ತಿಯ ಅಲಂಕಾರಕ್ಕೆ ಸೇವಾಕರ್ತರು ನಾ ಮುಂದು ತಾ ಮುಂದು ಎಂದು ಬರುತ್ತಾರೆ. ಸಂತೋಷವೇ. ಆದರೆ ಅಡುಗೆಮನೆಯ ಮೋರಿ ಕಟ್ಟಿಕೊಂಡಾಗ, ಮಳೆನೀರಿನ ಕೊಳವೆ ಸೋರಿದಾಗ, ಶೌಚಾಲಯ ರಿಪೇರಿಗೆ ಬಂದಾಗ ಆ ಸೇವೆಗೆ ಹೆಸರು ಬರೆಸುವವರು ಯಾರು? ನೂರಾರು ಜನ ಪ್ರಸಾದ ಉಂಡು ಹೋದ ಮೇಲೆ ಪಾತ್ರೆ ತೊಳೆದು ನೆಲ ಒರೆಸುವವರು ಯಾವಾಗಲೂ ಅದೇ ನಾಲ್ಕಾರು ಮಂದಿ. ಅವರ ಹೆಸರು ಧನ್ಯವಾದ ಸಮರ್ಪಣೆಯ ಕಡೆಯ ಸಾಲಿನಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಕ್ಕಳು ಇದನ್ನೆಲ್ಲ ಗಮನಿಸುತ್ತಾರೆ. ಯಾವ ಕೆಲಸಕ್ಕೆ ಶಾಲು ಹೊದಿಸುತ್ತೇವೆ, ಯಾವುದನ್ನು ಬಾಗಿಲ ಹಿಂದೆ ಇಡುತ್ತೇವೆ ಎಂಬುದರಿಂದಲೇ ಅವರು ಧರ್ಮವನ್ನು ಕಲಿಯುತ್ತಾರೆ, ಪ್ರವಚನದಿಂದಲ್ಲ.

ಇಷ್ಟೆಲ್ಲ ತೂಗಿ ನೋಡಿದ ಮೇಲೆ ನಮ್ಮ ಉತ್ತರ ಹೀಗಿದೆ. ಮೋರಿಗೂ ಗೋಪುರ ಬೇಕು, ಆದರೆ ಮೂರು ಷರತ್ತುಗಳ ಮೇಲೆ. ಅದು ಮೊದಲು ತನ್ನ ಕೆಲಸವನ್ನು ಸರಿಯಾಗಿ ಮಾಡಬೇಕು. ತನ್ನ ಕಷ್ಟವನ್ನು ಕೆಳಗಿನವನ ತಲೆಗೆ ಕಟ್ಟಬಾರದು. ಅದರೊಳಗೆ ಇಳಿದು ದುಡಿಯುವವರಿಗೆ ಆ ಗೋಪುರದ ಗೌರವದಲ್ಲಿ ಪಾಲಿರಬೇಕು. ಈ ಮೂರೂ ಇಲ್ಲದಿದ್ದರೆ ಅದು ಹೊರಗೆ ಥಳಕು, ಒಳಗೆ ಹುಳುಕು. ಮೂರೂ ಇದ್ದರೆ ಅದರ ಅಂದಕ್ಕೆ ಹಾಕಿದ ಹಣ ದುಂದಲ್ಲ. ಎಲ್ಲರ ಪ್ರಾಣ ಕಾಯುವ ಕೆಲಸವನ್ನು ಎಲ್ಲರ ಕಣ್ಣೆದುರಿಗೆ ಇಡಲು ಕೊಟ್ಟ ಬೆಲೆ ಅದು. ಖರ್ಚು ಹೆಚ್ಚಾಯಿತೆನ್ನುವವರಿಗೆ ಒಂದು ಮಾತು: ಅಂದವೆಂದರೆ ಅಮೃತಶಿಲೆಯೇ ಆಗಬೇಕಿಲ್ಲ. ಔಟ್ರಮ್ ಬಳಸಿದ್ದು ಬರೀ ಇಟ್ಟಿಗೆ, ಕಾಂಕ್ರೀಟು, ಬಣ್ಣ, ಮತ್ತು ಬಹಳಷ್ಟು ಯೋಚನೆ.

ಈ ಮಾತು ಇತಿಹಾಸಕ್ಕೆ ಮಾತ್ರ ಸೇರಿದ್ದಲ್ಲ. ಮಳೆ ಜೋರಾದಾಗಲೆಲ್ಲ ಹಳೆಯ ಒಳಚರಂಡಿ ತುಂಬಿ ಥೇಮ್ಸ್‌ಗೆ ಕೊಳಚೆ ಹರಿಯುವುದನ್ನು ತಡೆಯಲು ಪಶ್ಚಿಮದ ಆಕ್ಟನ್‌ನಿಂದ ಅದೇ ಆಬಿ ಮಿಲ್ಸ್‌ವರೆಗೆ 25 ಕಿಲೋಮೀಟರ್ ಉದ್ದದ ಟೈಡ್‌ವೇ ಸುರಂಗ ಕೊರೆದರು. 2025ರ ಫೆಬ್ರವರಿಯಲ್ಲಿ ಅದರ ಎಲ್ಲ ಜೋಡಣೆಗಳೂ ಮುಗಿದವು. ಸುರಂಗ ಕಾಣುವುದಿಲ್ಲ, ಆದರೆ ಅದರ ಮೇಲೆ ನದಿಯಂಚಿನಲ್ಲಿ ಜನ ಕೂತು ಹೋಗಲು ಹೊಸ ಜಗಲಿಗಳು ಬಂದಿವೆ. ಅವುಗಳಲ್ಲೊಂದಕ್ಕೆ ಬಝಲ್ಗೆಟ್‌ನ ಹೆಸರನ್ನೇ ಇಟ್ಟಿದ್ದಾರೆ. ಖರ್ಚಿನ ಒಂದು ಪಾಲು ನಮ್ಮಲ್ಲಿ ಬಹಳ ಮಂದಿಯ ನೀರಿನ ಬಿಲ್ಲಿನಲ್ಲೇ ಸೇರಿಕೊಂಡಿದೆ. ಅಂದರೆ ಆ ಸೇವೆಗೆ ನಾವೂ ಸೇವಾಕರ್ತರೇ. ಹಣ ಕೊಟ್ಟ ಮೇಲೆ ಅದು ಸರಿಯಾಗಿ ನಡೆಯುತ್ತಿದೆಯೇ ಎಂದು ಕೇಳುವ ಹೊಣೆಯೂ ನಮ್ಮದೇ.

ಕ್ರಾಸ್‌ನೆಸ್ ಪಂಪುಮನೆಯನ್ನು ಸ್ವಯಂಸೇವಕರು ವರ್ಷಗಟ್ಟಲೆ ತುಕ್ಕು ಉಜ್ಜಿ, ಬಣ್ಣ ಬಳಿದು ಉಳಿಸಿಕೊಂಡಿದ್ದಾರೆ. ಪ್ರಿನ್ಸ್ ಕಾನ್ಸರ್ಟ್ ಯಂತ್ರ ಅವರ ದುಡಿಮೆಯಿಂದ ಮತ್ತೆ ಚಲಿಸಿತು. ಜನರಿಗೆ ತೆರೆದಿಡುವ ದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿ ಬನ್ನಿ. ಬರುವಾಗ ಒಂದು ಪ್ರಶ್ನೆಯನ್ನು ಅವರ ಮುಂದಿಡಿ: ನಮ್ಮ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ, ಅದನ್ನು ಯಾರು ನೋಡಿಕೊಳ್ಳುತ್ತಾರೆ? ಉತ್ತರ ನಿಮಗೂ ಗೊತ್ತಿಲ್ಲದಿದ್ದರೆ ಜೊತೆಗೂಡಿ ಹುಡುಕಿ. ಮುಂದಿನ ಉತ್ಸವದ ಸೇವಾಪಟ್ಟಿಗೆ ಹೆಸರು ಬರೆಸುವಾಗ ಅಡುಗೆಮನೆಯ ಹಿಂಬಾಗಿಲ ಕಡೆಗೂ ಒಮ್ಮೆ ಕಣ್ಣು ಹಾಯಿಸಿ ಎಂದಷ್ಟೇ ನಮ್ಮ ವಿನಂತಿ.

– ಕನ್ನಡ ವಿಭಾಗದ ಸಂಪಾದಕ ಬಳಗ